ಉಸಗಾಂವದ ಏರಿನಲ್ಲಿ ಕೇಳಿದ ಹೆಸರು

ದೆವ್ವ ಕಂಡೆ, ಸತ್ತವರ ದನಿ ಕೇಳಿದೆ, ಕನಸಿನಲ್ಲಿ ಯಾರೋ ಬಂದು ಮುಂದಾಗುವುದನ್ನು ಹೇಳಿಹೋದರು ಎಂದು ಯಾರಾದರೂ ಮಾತು ತೆಗೆದರೆ ಚಹಾ ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಿದ್ದ ಮನುಷ್ಯ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಬೆಟಗೇರಿಯ ಕ್ರೈಸ್ತ ಮನೆತನದವನು. ಗೋವೆಗೆ ಬಂದು ಬಹಳ ವರ್ಷಗಳಾದವು. ವಾಸ್ಕೊದಲ್ಲಿ ಹಡಗು ರಿಪೇರಿ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ ನೋಡಿಕೊಳ್ಳುತ್ತೇನೆ. ನಟ್ಟು, ಬೋಲ್ಟು, ವಾಷರು ಕೈಯಲ್ಲಿ ಹಿಡಿದು ಕೊಡುವುದು, ಹಿಡಿದು ತೆಗೆದುಕೊಳ್ಳುವುದು. ಕೈಗೆ ಸಿಗದ್ದನ್ನು ನಂಬುವ ಅಭ್ಯಾಸ ಆ ಕೆಲಸದಲ್ಲಿ ಬರುವುದಿಲ್ಲ. ಚರ್ಚಿನಲ್ಲಿ ಯಾರಾದರೂ ಸಾಕ್ಷಿ ಹೇಳಲು ಎದ್ದುನಿಂತು, ದೇವರು ನನ್ನ ಕಿವಿಯಲ್ಲಿ ಮಾತಾಡಿದರು ಅಂದಾಗ ನಾನು ತಲೆಯ ಮೇಲಿನ ಫ್ಯಾನು ನೋಡುತ್ತ ಕೂರುತ್ತಿದ್ದೆ. ಹೆಂಡತಿ ಮೊಣಕೈಯಿಂದ ತಿವಿಯುತ್ತಿದ್ದಳು.

ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನಗುವವರು ನಗಬಹುದು, ಬೇಜಾರಿಲ್ಲ. ನನಗೆ ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಏನನ್ನೂ ಸೇರಿಸುವುದಿಲ್ಲ, ಏಕೆಂದರೆ ಸೇರಿಸುವ ಅಗತ್ಯವೇ ಬೀಳಲಿಲ್ಲ.

ಝುವಾರಿನಗರದಲ್ಲಿ ನಮ್ಮದೊಂದು ಸಣ್ಣ ಕನ್ನಡ ಕ್ರೈಸ್ತ ಸಭೆ ಇದೆ. ತಗಡಿನ ಮಾಡು, ಪ್ಲಾಸ್ಟಿಕ್ ಕುರ್ಚಿ, ಒಂದು ಹಳೆಯ ಹಾರ್ಮೋನಿಯಂ. ಸುತ್ತಲಿನ ಖೋಲಿಗಳಲ್ಲಿ ಇರುವವರು ಹೆಚ್ಚಾಗಿ ವಿಜಯಪುರ, ಬಾಗಲಕೋಟೆ, ಗದಗ ಕಡೆಯಿಂದ ದುಡಿಯಲು ಬಂದವರು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದರೆ ಸಣ್ಣ ಮಕ್ಕಳನ್ನು ಒಳಗೆ ಬಿಟ್ಟು ಹೊರಗಿನಿಂದ ಚಿಲಕ ಹಾಕಿ ಹೋಗುತ್ತಾರೆ. ಬೇರೆ ದಾರಿ ಇಲ್ಲ. ನಮ್ಮ ಪಾಸ್ಟರ್ ದೇವಪುತ್ರ ಅವರಿಗೆ ಆ ಚಿಲಕಗಳನ್ನು ನೋಡಿ ನೋಡಿ ಸಾಕಾಗಿ, ಮಕ್ಕಳಿಗೆ ಒಂದು ಬಾಲವಾಡಿ, ಮಧ್ಯಾಹ್ನದ ಊಟ ಎಂದು ಶುರುಮಾಡಿದರು. ಅದನ್ನು ನಡೆಸಲು ಪ್ರತಿವರ್ಷ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಒಂದು ಸೈಕಲ್ ಯಾತ್ರೆ ಮಾಡುತ್ತೇವೆ. ಝುವಾರಿನಗರದಿಂದ ಹೊರಟು ದಕ್ಷಿಣಕ್ಕೆ ಕಾಣಕೋಣದವರೆಗೆ, ಅಲ್ಲಿಂದ ಒಳನಾಡಿಗೆ ತಿರುಗಿ ಸಾಂಗೆ, ಧಾರಬಾಂದೋಡಾ, ಉಸಗಾಂವ, ಫೋಂಡಾ, ಕೊರ್ತಾಲಿಮ್ ಸುತ್ತಿ ವಾಪಸ್ಸು. ದಾರಿಯ ಚರ್ಚುಗಳಲ್ಲಿ ಇಳಿದು ಬಡಮಕ್ಕಳ ವಿಷಯ ಹೇಳುತ್ತೇವೆ. ಅವರು ಕೈಲಾದದ್ದು ಕೊಡುತ್ತಾರೆ. ನಾನು ಸೇರಿಕೊಂಡದ್ದು ಭಕ್ತಿಯಿಂದಲ್ಲ, ಹೊಟ್ಟೆ ಕರಗಿಸಲಿಕ್ಕೆ. ಹೊಟ್ಟೆ ಇದ್ದ ಹಾಗೇ ಇದೆ.

ಈ ಯಾತ್ರೆಯಲ್ಲಿ ಒಂದು ಪದ್ಧತಿ ಉಂಟು. ಹೊರಡುವ ಮುಂಚೆ ಕಾಲೊನಿಯ ಮನೆಮನೆಯಿಂದ ಕಷ್ಟದಲ್ಲಿರುವ ಒಬ್ಬೊಬ್ಬರ ಹೆಸರು ಕೇಳಿ ಪಡೆಯುತ್ತೇವೆ. ಜಾತಿ, ಧರ್ಮ ಕೇಳುವುದಿಲ್ಲ. ಬಿಳಿ ಬಟ್ಟೆಯ ತುಂಡಿನ ಮೇಲೆ ಆ ಹೆಸರನ್ನು ದಪ್ಪಕ್ಷರದಲ್ಲಿ ಬರೆದು ಸವಾರನ ಬೆನ್ನಿಗೆ ಪಿನ್ನು ಹಾಕಿ ಸಿಕ್ಕಿಸುತ್ತಾರೆ. ಸವಾರರು ಒಬ್ಬರ ಹಿಂದೊಬ್ಬರು ಸಾಲಾಗಿ ಹೋಗುವಾಗ, ಹಿಂದಿನವನು ಮುಂದಿನವನ ಬೆನ್ನು ಓದಿ, ಆ ಹೆಸರಿನವರಿಗಾಗಿ ಬಾಯಿಬಿಟ್ಟು ಪ್ರಾರ್ಥನೆ ಮಾಡಬೇಕು. ಬಯಲಿನಲ್ಲಿ ಉದ್ದುದ್ದ ಪ್ರಾರ್ಥನೆ ನಡೆಯುತ್ತದೆ. ಏರು ಬಂದಾಗ ಉಸಿರಿಗೇ ಕಷ್ಟ, ಬರೀ ಹೆಸರು ಉಳಿಯುತ್ತದೆ. ಪೆಡಲ್ ಒಂದು ಸಲ ಕೆಳಗೆ ಹೋದರೆ ಒಂದು ಸಲ ಹೆಸರು. ದೂರದಿಂದ ನೋಡುವವರಿಗೆ ಹುಚ್ಚರ ಮೆರವಣಿಗೆಯ ಹಾಗೆ ಕಾಣಬಹುದು.

ಸಾಲಿನಲ್ಲಿ ನಾನು ಯಾವಾಗಲೂ ಕಟ್ಟಕಡೆಯವನು. ಪಂಕ್ಚರ್ ಸಾಮಾನು, ಗಾಳಿ ಪಂಪು ನನ್ನ ಕ್ಯಾರಿಯರ್ ಮೇಲೆ ಇರುತ್ತವೆ. ಯಾರಾದರೂ ಕೆಟ್ಟು ನಿಂತರೆ ನಾನು ಬಂದು ಮುಟ್ಟುತ್ತೇನೆ. ಹುಡುಗರು ನನ್ನನ್ನು "ಬಾಲ" ಎಂದು ಕರೆಯುತ್ತಾರೆ. ಬಾಲದ ಹಿಂದೆ ಯಾರೂ ಇರುವುದಿಲ್ಲವಾದ್ದರಿಂದ ನನ್ನ ಬೆನ್ನಿನ ಹೆಸರು ಓದುವವರೂ ಇಲ್ಲ. ಮೊದಲ ವರ್ಷಗಳಲ್ಲಿ ಈ ವಿಷಯ ಯಾರಿಗೂ ಹೊಳೆಯಲೇ ಇಲ್ಲ. ಆಮೇಲೆ ಪಾಸ್ಟರು, ರಾತ್ರಿ ತಂಗಿದ ಕಡೆ ಎಲ್ಲರೂ ಕೂಡಿ ಆ ಹೆಸರು ಹೇಳಿದರಾಯಿತು ಅಂದರು. ಹಾಗೇ ನಡೆದುಕೊಂಡು ಬಂದಿತ್ತು.

ಇನ್ನು ಮಾಬೂಬಿಯ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಗೆ ಜೋಳದ ರೊಟ್ಟಿ ಬರುವುದು ಅವಳಿಂದ. ಸಿಂದಗಿ ಕಡೆಯವಳು, ನಮ್ಮ ಹಿಂದಿನ ಸಾಲಿನ ಖೋಲಿಯಲ್ಲಿ ಇದ್ದಾಳೆ. ಗಂಡ ದಾವಲಸಾಬ ಲಾರಿ ಡ್ರೈವರ್. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಶಬಾನಾ ಎಂಬ ಒಬ್ಬ ಮಗಳು, ಶಾಲೆಗೆ ಹೋಗುತ್ತಿದ್ದಳು. ಇದೆಲ್ಲ ನಡೆದ ವರ್ಷ ದಾವಲಸಾಬ ಉಸಗಾಂವ ಕಡೆ ಜಲ್ಲಿ ಸಾಗಿಸುವ ಲಾರಿ ಕೆಲಸ ಸಿಕ್ಕಿದೆ ಎಂದು ಹೋದವನು ತಿರುಗಿ ಬರಲಿಲ್ಲ. ಮೊದಮೊದಲು ಫೋನ್ ಮಾಡುತ್ತಿದ್ದ. ಆಮೇಲೆ ಫೋನ್ ಸ್ವಿಚ್ ಆಫ್. ಕೆಲಸ ಕೊಟ್ಟವರನ್ನು ಕೇಳಿದರೆ, ಅವನು ಕೆಲಸ ಬಿಟ್ಟು ಹೋಗಿ ಬಹಳ ದಿನ ಆಯಿತು ಅಂದರಂತೆ. ಪೊಲೀಸರಲ್ಲಿ ಕಂಪ್ಲೇಂಟ್ ಕೊಟ್ಟಾಯಿತು. ಎಲ್ಲೋ ಇನ್ನೊಂದು ಸಂಸಾರ ಹೂಡಿರಬೇಕು ಎಂದು ನೆರೆಯವರು ಆಡಿಕೊಂಡರು. ಮಾಬೂಬಿಯ ಮೈದುನ ಊರಿನಿಂದ ಬಂದು, ಸುಮ್ಮನೆ ಇಲ್ಲಿ ಕೂತು ಏನು ಮಾಡುತ್ತೀ, ಗಂಟುಮೂಟೆ ಕಟ್ಟು ಎಂದು ಒತ್ತಾಯ ಮಾಡಿದ. ಅವಳು ಒಪ್ಪಲಿಲ್ಲ. ಅವರು ಬಂದರೆ ಇಲ್ಲಿಗೇ ಬರುತ್ತಾರೆ, ನಾನು ಇಲ್ಲದಿದ್ದರೆ ಎಲ್ಲಿ ಹುಡುಕುತ್ತಾರೆ ಎಂಬುದು ಅವಳ ಮಾತು. ಗಂಡ ಸತ್ತಿದ್ದಾನೆಂದು ಅಳುವ ಹಾಗಿಲ್ಲ, ಇದ್ದಾನೆಂದು ನಗುವ ಹಾಗಿಲ್ಲ. ಬಾಗಿಲಲ್ಲಿ ಚಪ್ಪಲಿಯ ಸಪ್ಪಳವಾದರೆ ಅವಳ ಮುಖ ತಿರುಗುವುದನ್ನು ನೋಡಿದರೆ ನನಗೆ ಆ ಕಡೆ ಹೋಗುವುದೇ ಬೇಡ ಅನಿಸುತ್ತಿತ್ತು.

ಯಾತ್ರೆಗೆ ಹೆಸರು ಕೇಳಲು ನಾನೂ ಪಾಸ್ಟರ ಹೆಂಡತಿಯೂ ಅವಳ ಮನೆಗೆ ಹೋದೆವು.

"ನಮ್ಮವ್ರದ ಬರಕೋರಿ," ಅಂದಳು ಮಾಬೂಬಿ.

ಪಾಸ್ಟರ ಹೆಂಡತಿ ಪೆನ್ನು ತೆಗೆದು ಹೆಸರು ಕೇಳಿದರು. ಮಾಬೂಬಿ ಮಗಳ ಕಡೆ ನೋಡಿದಳು. ಶಬಾನಾ "ದಾವಲಸಾಬ" ಎಂದು ಹೇಳಿದಳು.

ಇದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೆಂಗಸರು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ. ತಂದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರಿಕೆ. ಮದುವೆಮನೆಯಲ್ಲಿ ನಾಕು ಹೆಂಗಸರು ಬಾಗಿಲು ಕಟ್ಟಿ ಒಡಪು ಹಾಕಿಸುವಾಗ ಹಾಡಿನಲ್ಲಿ ಸೇರಿಸಿ ಹೇಳುವುದುಂಟು, ಅದು ಬೇರೆ. ನನ್ನ ತಾಯಿ ಪ್ರತಿ ಭಾನುವಾರ ಚರ್ಚಿಗೆ ಹೋಗುತ್ತಿದ್ದವಳು, ಆಸ್ಪತ್ರೆಯಲ್ಲಿ ನರ್ಸ್ ಕೇಳಿದರೂ ನಮ್ಮಪ್ಪನ ಹೆಸರು ಹೇಳದೆ ನನ್ನನ್ನು ಮುಂದೆ ನೂಕಿದ್ದಳು. ಮಾಬೂಬಿಯೂ ಅದೇ ಥರದ ಹೆಂಗಸು. ನಮ್ಮವರು, ಶಬಾನಾನ ಅಪ್ಪ. ಅದರಾಚೆ ಅವಳ ನಾಲಿಗೆ ಹೋದದ್ದನ್ನು ನಾನು ಕೇಳಿರಲಿಲ್ಲ.

ಹೆಸರು ಬರೆದ ಮೇಲೆ ಅವಳು ಆ ಪದ್ಧತಿಯನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿಕೊಂಡಳು. ಯಾರ ಬೆನ್ನಿಗೆ ಹಾಕುತ್ತೀರಿ ಎಂದು ಕೇಳಿದಳು. ಪರಿಚಯದವನೆಂದು ನನ್ನ ಬೆನ್ನಿಗೇ ಎಂದು ಮೊದಲೇ ಠರಾವು ಆಗಿತ್ತು.

"ನಿಮ್ಮ ಹಿಂದ ಯಾರ ಬರ್ತಾರ್ರಿ ಅಣ್ಣಾರ?"

"ನನ್ನ ಹಿಂದ ಯಾರೂ ಇಲ್ಲವಾ. ನಾ ಬಾಲ. ನನ್ನ ಹಿಂದ ದೇವರ ಬರಬೇಕು," ಅಂದು ನಕ್ಕೆ.

ಅವಳು ನಗಲಿಲ್ಲ. ಹಿಟ್ಟಿನ ಕೈಯನ್ನೇ ನೋಡಿಕೊಳ್ಳುತ್ತ ನಿಂತಳು.

ನಾವು ಹೊರಟೆವು. ಮೊದಲ ದಿನಗಳಲ್ಲಿ ಹೇಳುವಂಥದ್ದೇನೂ ಇಲ್ಲ. ಬಿಸಿಲು, ಬೆವರು, ಚರ್ಚಿನ ಜಗಲಿಯ ಮೇಲೆ ನಿದ್ದೆ. ನನ್ನ ಮುಂದೆ ಯೋಹಾನ ಎಂಬ ಹುಬ್ಬಳ್ಳಿಯ ತರುಣ, ವಾಸ್ಕೊದಲ್ಲಿ ವೆಲ್ಡರ್. ಅವನ ಬೆನ್ನ ಮೇಲೆ ಯಾರೋ ಸುಶೀಲವ್ವ ಎಂಬ ಮುದುಕಿಯ ಹೆಸರಿತ್ತು. ನಾನು ನನ್ನ ಪಾಲಿನ ಕೆಲಸವೆಂದು ಅದನ್ನು ಓದುತ್ತಿದ್ದೆ. ಮನಸ್ಸಿಟ್ಟು ಓದುತ್ತಿದ್ದೆನೇ ಎಂದು ಕೇಳಿದರೆ ಇಲ್ಲ. ಸ್ಟೋರಿನ ಸಾಮಾನಿನ ಹೆಸರು ಓದಿದ ಹಾಗೆ ಓದುತ್ತಿದ್ದೆ.

ಧಾರಬಾಂದೋಡಾದಲ್ಲಿ ಊಟ ಮಾಡಿ, ಬಿಸಿಲು ಸ್ವಲ್ಪ ಇಳಿಯಲಿ ಎಂದು ಕಾದು, ಆಮೇಲೆ ಉಸಗಾಂವದ ದಾರಿ ಹಿಡಿದೆವು. ಗಣಿ ನಿಂತುಹೋದ ಸೀಮೆ ಅದು. ಒಂದು ಕಾಲಕ್ಕೆ ಅದಿರು ಲಾರಿಗಳು ಒಂದರ ಬಾಲ ಇನ್ನೊಂದು ಹಿಡಿದು ಓಡುತ್ತಿದ್ದ ರಸ್ತೆಯಲ್ಲಿ ಈಗ ಆಗೊಂದು ಈಗೊಂದು ಸ್ಕೂಟರು. ರಸ್ತೆಯ ಅಂಚಿನ ಗಿಡಗಳ ಮೇಲೆ ಮಾತ್ರ ಕೆಂಪು ಧೂಳು ಹೋಗಿಲ್ಲ. ಪಾಸ್ಟರು ಒಳಗಿನ ಒಂದು ಹಳ್ಳಿಯ ಪ್ರಾರ್ಥನಾಮಂದಿರಕ್ಕೆ ಹೋಗಬೇಕೆಂದು ನಮ್ಮನ್ನು ಹೆದ್ದಾರಿ ಬಿಡಿಸಿ ಒಂದು ಹಳೆಯ ಗಣಿ ರಸ್ತೆಗೆ ತಿರುಗಿಸಿದರು. ಅದು ಉದ್ದನೆಯ ಏರು. ಸಾಲು ಹರಿದು ಚೆಲ್ಲಾಪಿಲ್ಲಿಯಾಯಿತು. ಯೋಹಾನನೂ ನನ್ನಿಂದ ಒಂದು ಕೂಗಿನಷ್ಟು ಮುಂದೆ ಹೋದ. ನಾನು ಸಣ್ಣ ಗೇರಿಗೆ ಹಾಕಿ ತಲೆ ತಗ್ಗಿಸಿ ತುಳಿಯುತ್ತಿದ್ದೆ.

ಮೊದಲು ಕೇಳಿದ್ದು ಪಟ ಪಟ ಎಂಬ ಸಪ್ಪಳ. ಹಿಂದಿನ ಮಡ್‌ಗಾರ್ಡ್ ಸಡಿಲಾಗಿರಬೇಕು ಎಂದುಕೊಂಡೆ. ಏರಿನಲ್ಲಿ ಇಳಿದರೆ ಮತ್ತೆ ಹತ್ತುವುದು ಕಷ್ಟ, ಹಾಗೇ ಮುಂದುವರಿದೆ. ಆಮೇಲೆ ಆ ಸಪ್ಪಳದ ಜೊತೆಗೆ ದನಿ ಕೇಳಿತು. ಯಾರೋ ನನ್ನ ಬೆನ್ನ ಹಿಂದೆ, ಒಂದು ಸೈಕಲ್ಲಿನ ಅಂತರದಲ್ಲಿ, "ದಾವಲಸಾಬ" ಎಂದರು. ನನ್ನ ಪೆಡಲ್ ಇನ್ನೊಂದು ಸಲ ಕೆಳಗೆ ಹೋಯಿತು. "ದಾವಲಸಾಬ." ಮತ್ತೊಂದು ಸಲ. "ದಾವಲಸಾಬ."

ನನಗೆ ಆ ಕ್ಷಣದಲ್ಲಿ ಹೆದರಿಕೆ ಆಗಲಿಲ್ಲ. ನಮ್ಮವರೇ ಯಾರೋ ಹಿಂದೆ ಬಿದ್ದಿದ್ದಾರೆ, ನಾನು ನೋಡದೆ ದಾಟಿ ಬಂದಿದ್ದೇನೆ, ಅವರು ನನ್ನ ಬೆನ್ನು ಓದುತ್ತಿದ್ದಾರೆ ಎಂದೇ ಅಂದುಕೊಂಡೆ. ಸಂತೋಷವೂ ಆಯಿತು. ಅಂತೂ ಆ ಹೆಸರಿಗೂ ಒಬ್ಬರು ಸಿಕ್ಕರಲ್ಲ ಎಂದು. ತಿರುಗಿ ನೋಡಿದೆ. ರಸ್ತೆ ಖಾಲಿ. ಕೆಳಗಿನ ತಿರುವಿನವರೆಗೂ ನೆಟ್ಟಗೆ ಕಾಣುವ ರಸ್ತೆ, ಒಂದು ನಾಯಿ ಕೂಡ ಇರಲಿಲ್ಲ. ಮುಂದೆ ತಿರುಗಿದ ಕೂಡಲೇ ಮತ್ತೆ ಶುರುವಾಯಿತು. ಅದೇ ಅಂತರ, ಅದೇ ಪಟ ಪಟ, ಅದೇ ಹೆಸರು.

ಆಗ ದನಿಯ ಗುರುತು ಹತ್ತಿತು. ಮಾಬೂಬಿಯ ದನಿ. ವಾರಕ್ಕೆ ಮೂರು ಸಲ ಬಾಗಿಲಲ್ಲಿ ನಿಂತು "ರೊಟ್ಟಿ ತಂದೇನ್ರಿ" ಎನ್ನುವ ದನಿಯನ್ನು ನಾನು ಮರೆಯುವುದು ಹೇಗೆ? ಹೆಂಗಸು ಅಷ್ಟು ದೂರದ ಝುವಾರಿನಗರದಲ್ಲಿ ಇದ್ದಾಳೆ ಎಂಬುದಕ್ಕಿಂತ, ಮಾಬೂಬಿ ಈ ಹೆಸರು ಹೇಳುತ್ತಿದ್ದಾಳೆ ಎಂಬುದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವಳು ಹೇಳುವವಳಲ್ಲ. ಕೊರಳು ಹಿಸುಕಿದರೂ ಹೇಳುವವಳಲ್ಲ. ಆ ದನಿಯಲ್ಲಿ ಅಳು ಇರಲಿಲ್ಲ. ಬೇಡಿಕೊಳ್ಳುವ ಹಾಗೂ ಇರಲಿಲ್ಲ. ಮನೆಯೊಳಗಿಂದ ಅಂಗಳದಲ್ಲಿರುವ ಗಂಡನನ್ನು ಊಟಕ್ಕೆ ಕರೆದ ಹಾಗೆ ಇತ್ತು.

ಏರು ಮುಗಿಯುವ ಹತ್ತಿರ ರಸ್ತೆ ಎಡಕ್ಕೆ ಹೊರಳುತ್ತದೆ. ಅಲ್ಲಿ ಬೇಲಿಯ ತಂತಿ ಹರಿದು ಬಿದ್ದಿತ್ತು. ಆಚೆ ಹಳೆಯ ಗಣಿಯ ಗುಂಡಿ. ನಾನು ಆ ತಿರುವಿಗೆ ಬಂದೆ. "ದಾವಲ" ಎಂದ ದನಿ ಅಲ್ಲಿಗೇ ನಿಂತಿತು. ಹೆಸರು ಪೂರ್ತಿಯಾಗಲಿಲ್ಲ. ಪಟ ಪಟ ಸಪ್ಪಳವೂ ಅದರ ಜೊತೆಗೇ ನಿಂತಿತು.

ನಾನು ಇಳಿದೆ. ಸೈಕಲ್ ನೆಲಕ್ಕೆ ಬಿತ್ತು. ಎಷ್ಟೋ ಹೊತ್ತು ಉಳಿದ ಅರ್ಧ ಹೆಸರಿಗಾಗಿ ಕಾಯುತ್ತ ನಿಂತಿದ್ದೆ, ಖರೇ ಹೇಳುತ್ತೇನೆ. ಅದು ಬರಲಿಲ್ಲ. ಮಡ್‌ಗಾರ್ಡ್ ಹಿಡಿದು ಅಲುಗಾಡಿಸಿದೆ. ಸ್ಕ್ರೂ ಬಿಗಿಯಾಗಿತ್ತು. ಬೇಲಿಯ ಹತ್ತಿರ ಹೋಗಿ ಕೆಳಗೆ ನೋಡಿದೆ. ಮೆಟ್ಟಿಲುಮೆಟ್ಟಿಲಾಗಿ ಕಡಿದ ಕೆಂಪು ಗೋಡೆ, ತಳದಲ್ಲಿ ಹಸಿರು ನೀರು. ಗಾಳಿಗೆ ಒಂದು ತೆರೆ ಕೂಡ ಏಳದ ನೀರು. ಒಂದು ಕಾಲುದಾರಿ ಅಂಚಿನಿಂದ ಇಳಿದು ನೀರಿನವರೆಗೂ ಹೋಗಿತ್ತು. ನಾನು ಇಳಿಯಲಿಲ್ಲ. ಫೋನ್ ಕೈಗೆ ತೆಗೆದುಕೊಂಡೆ. ಮಾಬೂಬಿಗೆ ಫೋನ್ ಮಾಡಿ ಏನೆಂದು ಕೇಳುವುದು? ಮತ್ತೆ ಜೇಬಿಗೆ ಹಾಕಿಕೊಂಡೆ.

ಮುಂದಿನ ಹಳ್ಳಿಯಲ್ಲಿ ಎಲ್ಲರೂ ಚಹಾದ ಅಂಗಡಿಯ ಮುಂದೆ ಕಾಯುತ್ತಿದ್ದರು. ಯೋಹಾನ ನನ್ನನ್ನು ಕಂಡು, "ಅಣ್ಣಾರ, ನಿಮ್ಮ ಮಡ್‌ಗಾರ್ಡ್ ಬಡಿಯಾಕತ್ತಿತ್ತು ನೋಡ್ರಿ. ಮ್ಯಾಲಿನ ತನಕ ಕೇಳಸ್ತಿತ್ತು," ಅಂದ.

ದನಿ ಕೇಳಿದೆಯಾ ಎಂದು ಅವನನ್ನು ಕೇಳಿದೆ. ಇಲ್ಲ, ಸಪ್ಪಳ ಅಷ್ಟೇ ಎಂದ. ಸಪ್ಪಳವನ್ನೂ ನಾನೊಬ್ಬನೇ ಕೇಳಿದ್ದರೆ ಬಿಸಿಲು, ಬಾಯಾರಿಕೆ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಪಾಸ್ಟರನ್ನು ಪಕ್ಕಕ್ಕೆ ಕರೆದು ಎಲ್ಲ ಹೇಳಿದೆ. ಯಾವಾಗಲೂ ನನ್ನನ್ನು ಅಪನಂಬಿಕೆಯ ತೋಮ ಎಂದು ಛೇಡಿಸುವ ಮನುಷ್ಯ ಅಂದು ಛೇಡಿಸಲಿಲ್ಲ. ಈ ವಿಷಯ ಸದ್ಯ ಆ ಹೆಣ್ಣುಮಗಳಿಗೆ ಹೇಳಬೇಡ್ರಿ, ಊರು ಮುಟ್ಟಿದ ಮೇಲೆ ನೋಡೋಣ ಎಂದರು. ಅಂದು ಸಂಜೆ ಎಲ್ಲರೂ ಕೂಡಿ ದಾವಲಸಾಬನ ಹೆಸರು ಹೇಳಿ ಪ್ರಾರ್ಥನೆ ಮಾಡುವಾಗ ನಾನು ಹೊರಗೆ ಮಡ್‌ಗಾರ್ಡಿನ ಸ್ಕ್ರೂ ಮತ್ತೊಮ್ಮೆ ಬಿಗಿದು ನೋಡುತ್ತಿದ್ದೆ.

ಮರುದಿನ ಕೊರ್ತಾಲಿಮ್ ಮೇಲೆ ಹಾಯ್ದು ಊರು ಮುಟ್ಟಿದೆವು. ಹೆಂಡತಿ ಬಾಗಿಲಲ್ಲೇ, "ಮಾಬೂಬಿ ನಿನ್ನೆ ಮಧ್ಯಾಹ್ನದಿಂದ ರೊಟ್ಟಿ ಮಾಡಿಲ್ಲ. ಕರೆದರೆ ಎದ್ದು ಬರೂದಿಲ್ಲ," ಅಂದಳು. ನಾನು ಸ್ನಾನ ಕೂಡ ಮಾಡದೆ ಹಾಗೇ ಹೋದೆ. ಏನನ್ನೂ ಹೇಳಬಾರದು, ಬರೀ ನೋಡಿ ಬರಬೇಕು ಎಂದು ಗಟ್ಟಿ ಮಾಡಿಕೊಂಡೇ ಹೋದೆ.

ಅವಳು ಒಲೆಯ ಹತ್ತಿರ ಕೂತಿದ್ದಳು. ಹಂಚು ತಣ್ಣಗಿತ್ತು. ಹಲಗೆಯ ಮೇಲೆ ಅರ್ಧ ಬಡಿದ ರೊಟ್ಟಿಯೊಂದು ಒಣಗಿ ಬಿರುಕುಬಿಟ್ಟಿತ್ತು. ತೆಗೆದಿರಲಿಲ್ಲ. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು.

"ಅಣ್ಣಾರ, ನಾ ಮಾಡಬಾರದ್ದು ಮಾಡೇನ್ರಿ."

"ಏನಾತವಾ?"

"ನಿಮ್ಮ ಹಿಂದ ದೇವರ ಬರ್ತಾನ ಅಂದಿದ್ರಿ. ಬರ್ತಾನ, ಖರೇ ಐತಿ. ಆದ್ರ ದೇವರಿಗಿ ಓದಿ ಹೇಳಾವ್ರು ಯಾರ್ರಿ? ಎಲ್ಲಾರ ಹೆಸರೂ ಹಾದಿಗುಂಟ ಯಾರರ ಒಬ್ಬರು ಅನ್ನಾಕತ್ತಾರ, ಇವ್ರದೊಂದ ಯಾರೂ ಅನ್ನಂಗಿಲ್ಲ. ನಿನ್ನೆ ಉಸಗಾಂವ ದಾಟತಾರ ಅಂತ ಪಾಸ್ಟರ್ ಮನಿ ಅಮ್ಮಾರು ಹೇಳಿದ್ರು. ನನಗ ತಡಿಲಿಲ್ರಿ. ಬಾಗಲಾ ಹಾಕ್ಕೊಂಡ್ನಿ. ರೊಟ್ಟಿ ಬಡೀತ ಬಡೀತ ಅಂದ್ನಿ."

"ಏನಂದಿ?"

ಅವಳು ನನ್ನ ಮುಖ ನೋಡಲಿಲ್ಲ. "ಅವ್ರ ಹೆಸರು. ಮದವಿ ಆದಾಗಿಂದ ಅಂದಿದ್ದಿಲ್ರಿ. ಒಮ್ಮೆ ಅಂದ್ನಿ, ಏನೂ ಆಗಲಿಲ್ಲ. ಮತ್ತ ಅಂದ್ನಿ. ಆಮ್ಯಾಲ ಬಾಯಿಗಿ ರುಚಿ ಹತ್ತಿದಂಗಾತು, ಬಿಡಲೇ ಇಲ್ಲ. ಕೈ ಒಂದ ಸಲ ಬಿದ್ರ ಹೆಸರು ಒಂದ ಸಲ. ಹಂಗ ಅನ್ನಾಕತ್ತಿದ್ನಿ, ನಡುವ ನಾಲಗಿ ನಿಂತ್ ಬಿಡ್ತು. ಅರ್ಧಾ ಹೆಸರು ಹೊರಗ, ಅರ್ಧಾ ಒಳಗ. ಕೈನೂ ಏಳಲಿಲ್ಲ. ಆಗಿಂದ ಅನ್ನಾಕ ಹೋದ್ರ ಬರವಲ್ದು."

ಹೇಳಬಾರದು ಎಂದು ಹೋದವನು ಎಲ್ಲವನ್ನೂ ಹೇಳಿಬಿಟ್ಟೆ. ಹೇಳದೆ ಇರಲು ಹೇಗೆ ಆಗುತ್ತಿತ್ತು? ಅವಳು ಅಲುಗಾಡದೆ ಕೇಳಿದಳು. ಎಲ್ಲಿ ನಿಂತಿತು ಎಂದು ಒಂದೇ ಮಾತು ಕೇಳಿದಳು. ಗುಂಡಿಯ ವಿಷಯ ಹೇಳಿದೆ. ಆಗ ಅವಳು ತನ್ನ ಬಾಯಿಯ ಮೇಲೆ ತಾನೇ ಒಂದು ಏಟು ಹೊಡೆದುಕೊಂಡಳು. ಇನ್ನೊಂದು ಹೊಡೆದುಕೊಂಡಳು. ನಾನು ಕೈ ಹಿಡಿದು ತಡೆಯಬೇಕಾಯಿತು. ಪಕ್ಕದ ಖೋಲಿಯ ಹೆಂಗಸರು ಓಡಿಬಂದರು.

ಪಾಸ್ಟರು, ನಾನು, ಊರಿನಿಂದ ಮತ್ತೆ ಬಂದ ಮೈದುನ ಕೂಡಿ ಉಸಗಾಂವ ಕಡೆಗೆ ಹೋದೆವು. ಪೊಲೀಸರ ಮುಂದೆ ಏನು ಹೇಳುವುದೆಂಬುದೇ ದೊಡ್ಡ ಪೇಚು. ಅವನನ್ನು ಅಲ್ಲಿ ನೋಡಿದವರಿದ್ದಾರೆ ಎಂದುಬಿಡೋಣ ಎಂದು ಮೈದುನ ಹೇಳಿದ. ಪಾಸ್ಟರು ಸುಳ್ಳು ಹೇಳಲು ಒಪ್ಪಲಿಲ್ಲ. ಪ್ರಾರ್ಥನೆ ಮಾಡುವಾಗ ಆ ಜಾಗದ ಮೇಲೆ ಸಂಶಯ ಬಂತು ಎಂದು ಹಿಂದಿಯಲ್ಲಿ ತೊದಲಿದರು. ಅಲ್ಲಿನ ಅಧಿಕಾರಿ ನಗುತ್ತಾನೆ ಎಂದುಕೊಂಡಿದ್ದೆವು. ಅವನು ನಗಲಿಲ್ಲ, ನಮ್ಮ ಜೊತೆ ಆಳು ಕಳಿಸಿದ. ಹಗ್ಗ, ಗಾಳ ಹಾಕಿ ನೋಡಿದರು. ಮುಳುಗು ಹಾಕುವವನೊಬ್ಬ ಇಳಿದು, ಕೆಳಗೆ ಕೆಸರೋ ಕೆಸರು, ಕಣ್ಣಿಗೆ ಏನೂ ಕಾಣುವುದಿಲ್ಲ ಎಂದು ನಡುಗುತ್ತ ಮೇಲೆ ಬಂದ. ಹೆಣ ಸಿಗಲಿಲ್ಲ. ಚಪ್ಪಲಿ ಸಿಗಲಿಲ್ಲ, ಒಂದು ಬಟ್ಟೆಯ ಚೂರು ಸಿಗಲಿಲ್ಲ. ಹತ್ತಿರದ ಗೂಡಂಗಡಿಯವನು ಮಾತ್ರ, ಲಾರಿಯ ಹುಡುಗರು ಆ ಕಾಲುದಾರಿಯಿಂದ ಇಳಿದು ನೀರಿನಲ್ಲಿ ಮೈ ತೊಳೆಯುತ್ತಿದ್ದರು, ಅವರಲ್ಲಿ ನಿಮ್ಮ ಭಾಷೆಯವರೂ ಇದ್ದರು ಅಂದ. ದಾವಲಸಾಬನ ಫೋಟೊ ತೋರಿಸಿದರೆ, ಇರಬಹುದು, ಇಲ್ಲದೆಯೂ ಇರಬಹುದು ಎಂದ. ಅಷ್ಟೇ.

ಆಮೇಲೆ ಮಾಬೂಬಿಯ ಪಾಡು ಮೊದಲಿಗಿಂತ ಕೆಟ್ಟಿತು. ಗಂಡ ತೀರಿಕೊಂಡ ಹೆಂಗಸು ಇದ್ದತ್ ಎಂದು ಕೆಲವು ತಿಂಗಳು ಹೊರಗೆ ಹೋಗದೆ ಮನೆಯಲ್ಲಿ ಕೂರುವ ನಿಯಮ ಅವರಲ್ಲಿದೆ. ಅವಳು ಅದಕ್ಕೆ ಕೂರುತ್ತೇನೆ ಅಂದಳು. ಹಿರಿಯರು ಬೇಡ ಅಂದರು. ಹೆಣ ಇಲ್ಲ, ಕಂಡವರಿಲ್ಲ, ಒಬ್ಬ ಸೈಕಲ್ ಸವಾರನಿಗೆ ಏನೋ ಕೇಳಿತು ಎಂದು ಮನುಷ್ಯನನ್ನು ಸಾಯಿಸಲು ಬರುವುದಿಲ್ಲ ಎಂಬ ಅವರ ಮಾತೂ ನ್ಯಾಯವೇ. ಅವಳು ಕೈಯ ಬಳೆ ತೆಗೆಯಲಿಲ್ಲ. ಹೊಸ ಬಳೆ ಇಡಿಸಿಕೊಳ್ಳಲೂ ಇಲ್ಲ. ಒಡೆದಷ್ಟು ಒಡೆದು ಈಗ ಒಂದೋ ಎರಡೋ ಉಳಿದಿವೆ. ಊರಿಗೂ ಹೋಗಲಿಲ್ಲ. ಮತ್ತೆ ರೊಟ್ಟಿ ಬಡಿಯುತ್ತಾಳೆ, ನಮ್ಮ ಮನೆಗೆ ತಂದುಕೊಡುತ್ತಾಳೆ.

ಒಂದು ದಿನ ಅವಳು ನನ್ನನ್ನು ಕೇಳಿದಳು. "ಅಣ್ಣಾರ, ನೀವು ಓದಿದವ್ರು. ನಾ ಹೆಸರು ಹಿಡದು ಕರದಿದ್ದಕ್ಕ ಅವ್ರು ಹೋದ್ರೋ, ಮದಲ ಹೋಗಿದ್ರಂತನ ನನ್ನ ಬಾಯಾಗ ಹೆಸರು ಬಂತೋ? ಇಷ್ಟ ಹೇಳ್ರಿ ಸಾಕು."

ನನಗೆ ಗೊತ್ತಿಲ್ಲ ಅಂದೆ. ಗೊತ್ತಿದ್ದವರನ್ನು ಕೇಳಿ ಹೇಳ್ರಿ ಅಂದಳು. ಕೇಳಿದೆ. ಪಾಸ್ಟರು ಹೇಳಿದರು, ಹೆಸರು ಹೇಳಿದ ಮಾತ್ರಕ್ಕೆ ಯಾರೂ ಸಾಯುವುದಿಲ್ಲ, ಅದು ಮೂಢನಂಬಿಕೆ. ಅವರ ಮಸೀದಿಯ ಮೌಲಾನಾ ಕೂಡ ಅದನ್ನೇ ಹೇಳಿದರು, ಆಯುಷ್ಯ ಅಲ್ಲಾಹನ ಕೈಯಲ್ಲಿದೆ, ಹೆಂಗಸಿನ ನಾಲಿಗೆಯಲ್ಲಿ ಅಲ್ಲ. ನಮ್ಮ ಕಾರ್ಖಾನೆಗೆ ಬರುವ ಡಾಕ್ಟರು ಇಡೀ ಕಥೆ ಕೇಳಿ, ಬಿಸಿಲಿನಲ್ಲಿ ನಿಮಗೆ ಹಾಗೆ ಕೇಳಿಸಿತು, ಆಕೆಗೆ ನೀವು ಹೇಳಿದ ಮೇಲೆ ಹಾಗೆ ಅನಿಸಿತು ಅಂದರು. ಅವಳು ಮೊದಲು ಹೇಳಿದಳು, ನಾನು ಆಮೇಲೆ ಹೇಳಿದೆ ಎಂದು ಎಷ್ಟು ತಿಳಿ ಹೇಳಿದರೂ ಅವರು ಕಿವಿಗೆ ಹಾಕಿಕೊಳ್ಳಲಿಲ್ಲ.

ಇವರೆಲ್ಲರ ಮಾತನ್ನೂ ನಾನು ಮಾಬೂಬಿಗೆ ಹೋಗಿ ಒಪ್ಪಿಸಿದೆ. ಮನಸ್ಸಿನಿಂದ ಹೇಳಿದೆ. ಹೆಸರಿನಿಂದ ಏನೂ ಆಗುವುದಿಲ್ಲ ತಂಗಿ, ಅದು ಬರೀ ಗಾಳಿ, ನಿನ್ನ ತಪ್ಪೇನೂ ಇಲ್ಲ, ಬಿಟ್ಟುಬಿಡು ಅಂದೆ. ಅವಳ ಮನಸ್ಸಿಗೆ ಒಂದು ಸಮಾಧಾನ ಸಿಗಲಿ ಎಂಬುದಷ್ಟೇ ನನಗೆ ಬೇಕಿತ್ತು. ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ರೊಟ್ಟಿಯ ಗಂಟು ನನ್ನ ಕೈಗೆ ಕೊಟ್ಟಳು.

"ಹೆಸರಿನಿಂದ ಏನೂ ಆಗೂದಿಲ್ಲಂದ್ರ, ಅದು ನಿಮ್ಮ ತನಕ ಹೆಂಗ ಬಂತ್ರಿ ಅಣ್ಣಾರ?"

ಬಿಸಿಲಿಗೆ ಹಾಗಾಗಿತ್ತು, ನಾನು ಏನೂ ಕೇಳಿರಲಿಲ್ಲ ಎಂದು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅವಳು ಕಾಯುತ್ತ ನಿಂತಿದ್ದಳು. ಹಾಗೆ ಹೇಳಿದ್ದರೆ ಅವಳಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತೇನೋ. ಆದರೆ ನಾನು ಕೇಳಿದ್ದೆ.